ಮೂರನೇ ಹಂತಿಯ ಚಿತ್ರಾನ್ನ

ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಮೈನಸ್ 80 ಡಿಗ್ರಿಯ ಒಂದು ಫ್ರೀಜರ್ ಇದೆ. ಬಾಗಿಲು ತೆಗೆದರೆ ಹೊಗೆಯಂಥ ಮಂಜು ಮುಖಕ್ಕೆ ಬಡಿಯುತ್ತದೆ. ಒಳಗೆ ಸಾಲು ಸಾಲು ಡಬ್ಬಿಗಳು. ಡಬ್ಬಿಗಳಲ್ಲಿ ಕಿರುಬೆರಳಿಗಿಂತ ಚಿಕ್ಕ ಟ್ಯೂಬುಗಳು. ಒಂದೊಂದರಲ್ಲೂ ಗ್ಲಿಸರಾಲ್ ಬೆರೆಸಿ ಮಲಗಿಸಿಟ್ಟ ಬ್ಯಾಕ್ಟೀರಿಯಾ. ಎಲ್ಲದರ ಮೇಲೂ ಇಂಗ್ಲಿಷಿನಲ್ಲಿ ನಂಬರು, ತಾರೀಕು. ಒಂದರ ಮೇಲೆ ಮಾತ್ರ ಕನ್ನಡದಲ್ಲಿ ಬರೆದಿದೆ: ‘ಚಿತ್ರಾನ್ನ, ಬಾಳೆಲೆ’. ಬರೆದವಳು ನಾನೇ.

ಹೋದ ತಿಂಗಳು ನನ್ನ ಸಂಶೋಧನೆಯ ದಾಖಲೆ ಒಪ್ಪಿಸಬೇಕಿತ್ತು. ಬಡ್ತಿಗೆ ಅದು ಬೇಕು. ಎಷ್ಟು ಪೇಪರ್, ಯಾವ ಜರ್ನಲ್, ಎಷ್ಟು ಮಂದಿ ಅದನ್ನು ಉಲ್ಲೇಖಿಸಿದ್ದಾರೆ, ಲೇಖಕರ ಸಾಲಿನಲ್ಲಿ ನಿಮ್ಮದು ಎಷ್ಟನೇ ಹೆಸರು, ಎಷ್ಟು ತಳಿಗಳ ವಿವರವನ್ನು ಜೀನ್ ಮಾಹಿತಿಯ ಭಂಡಾರವಾದ ಜೆನ್‌ಬ್ಯಾಂಕಿಗೆ ಕೊಟ್ಟಿದ್ದೀರಿ. ಕಾಲಂ ಮೇಲೆ ಕಾಲಂ. ಎರಡು ರಾತ್ರಿ ಕೂತು ತುಂಬಿದೆ. ತುಂಬಿ ಮುಗಿದ ಮೇಲೆ ಫ್ರೀಜರಿನ ಪಟ್ಟಿ ಹಿಡಿದು ತಾಳೆ ನೋಡುವಾಗ ಈ ಟ್ಯೂಬ್ ಕೈಗೆ ಬಂತು. ಅದನ್ನು ಎಲ್ಲಿ ಬರೆಯುವುದು? ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ. ಗುಡ್ಡ ಕೊರೆದು ಮಾಡಿದ ಸುರಂಗದಿಂದ ನೀರು ಅಂಗಳಕ್ಕೆ ತಾನಾಗಿ ಹರಿದು ಬರುವ ಮನೆ. ಮನೆ ಕೇರಳದಲ್ಲಿ, ಕೆಲಸ ಮಂಗಳೂರಿನಲ್ಲಿ. ಮನೆಯೊಳಗೆ ಹವ್ಯಕ ಮಾತು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಲ್ಯಾಬಿನಲ್ಲಿ ಇಂಗ್ಲಿಷ್. ಗಡಿಯಲ್ಲಿ ಬೆಳೆದವರಿಗೆ ಇದೆಲ್ಲ ಹೊಸತಲ್ಲ. ಆದರೆ ಈ ಬರಹದ ಕೊನೆಗೆ ಭಾಷೆಯ ಮಾತು ಮತ್ತೆ ಬರುತ್ತದೆ, ಹಾಗಾಗಿ ಹೇಳಿದೆ.

ಪಿಎಚ್‌ಡಿಗೆ ನಾನು ಆರಿಸಿಕೊಂಡದ್ದು ಮರುವಾಯಿ, ಅಂದರೆ ಅಳಿವೆಯಲ್ಲಿ ಸಿಗುವ ಚಿಪ್ಪಿನ ಪ್ರಾಣಿ. ಮೀನು ಮುಟ್ಟದ ಮನೆಯ ಹುಡುಗಿ ಬೆಳಗ್ಗೆ ಆರಕ್ಕೇ ಕುಂಬಳೆ, ಮೊಗ್ರಾಲ್ ಕಡೆಯ ಅಳಿವೆಯಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸರ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ಅವರಿಗೆ ನಗು. ‘ತಿನ್ನುವುದಿಲ್ಲ ಅಂತೀರಿ, ಕಿಲೋಗಟ್ಟಲೆ ಕೊಂಡು ಹೋಗ್ತೀರಿ, ಮತ್ತೆ ಎಂತ ಮಾಡ್ತೀರಿ?’ ಬೇಯಿಸದೆ ರುಬ್ಬುತ್ತೇನೆ ಎಂದರೆ ಇನ್ನೂ ನಗು. ಮನೆಗೆ ಬಂದರೆ ಅಮ್ಮ ಹಿತ್ತಿಲಲ್ಲೇ ತಡೆದು ಸ್ನಾನಕ್ಕೆ ಕಳಿಸುತ್ತಿದ್ದರು.

ಮರುವಾಯಿ, ಪಚ್ಚಿಲೆಗಳೆಲ್ಲ ನೀರನ್ನು ಸೋಸಿ ತಿನ್ನುವ ಚಿಪ್ಪಿನ ಪ್ರಾಣಿಗಳು. ದಿನಕ್ಕೆ ಲೀಟರುಗಟ್ಟಲೆ ನೀರು ಅವುಗಳ ಒಳಗಿಂದ ಹಾದು ಹೋಗುತ್ತದೆ. ಆ ನೀರಿನಲ್ಲಿದ್ದದ್ದು ಒಳಗೆ ಉಳಿಯುತ್ತದೆ. ಪಾಚಿ ಉಳಿದರೆ ಊಟ, ಬ್ಯಾಕ್ಟೀರಿಯಾ ಉಳಿದರೆ ನನ್ನಂಥವರಿಗೆ ಕೆಲಸ. ನಮ್ಮ ಜಿಲ್ಲೆಯ ತೆಂಕಣ ತುದಿಯಲ್ಲಿ, ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ, ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುತ್ತಾರೆ. ಅಲ್ಲಿ ಅದಕ್ಕೆ ಕಲ್ಲುಮ್ಮಕಾಯಿ ಅನ್ನುತ್ತಾರೆ. ಎಷ್ಟೋ ಹೆಂಗಸರ ಸಂಘಗಳ ಆದಾಯವೇ ಅದು. ಅಲ್ಲಿಗೂ ಸ್ಯಾಂಪಲ್ಲಿಗೆ ಹೋಗಿದ್ದೆ.

ನಾನು ಹುಡುಕುತ್ತಿದ್ದದ್ದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬುದನ್ನು. ಹೆಸರು ಉದ್ದ, ಪ್ರಾಣಿ ಚಿಕ್ಕದು. ಕಾಲರಾದ ದಾಯಾದಿ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿಸಿದ ಸಣ್ಣ ಮೀನು ತಿಂದು 272 ಮಂದಿ ಕಾಯಿಲೆ ಬಿದ್ದರು, 20 ಮಂದಿ ತೀರಿಕೊಂಡರು. ಆಗ ಫುಜಿನೊ ಎಂಬವರು ಇದನ್ನು ಮೊದಲು ಹಿಡಿದದ್ದು. ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಹಾಕುವ ಜೆಲ್ಲಿಯಂಥದ್ದಕ್ಕೆ ಆಗರ್ ಅನ್ನುತ್ತೇವೆ. ಟಿಸಿಬಿಎಸ್ ಎಂಬ ಹಸಿರು ಆಗರಿನ ಮೇಲೆ ಕಾಲರಾದ್ದು ಹಳದಿ ಚುಕ್ಕೆಯಾಗಿ ಬೆಳೆಯುತ್ತದೆ, ಇದು ಹಸಿರು ಚುಕ್ಕೆಯಾಗಿ. ಸಕ್ಕರೆ ತಿನ್ನಲು ಬಂದರೆ ಹಳದಿ, ಬಾರದಿದ್ದರೆ ಹಸಿರು. ಅಷ್ಟೇ ಗುಟ್ಟು.

ನಮ್ಮ ಕಡಲಿನ ಬೆಚ್ಚಗಿನ ನೀರಿನಲ್ಲಿ ಇದು ಇಲ್ಲದ ಮರುವಾಯಿ ಸಿಗುವುದೇ ಅಪರೂಪ. ಮೊದಲ ವರ್ಷ ಪ್ಲೇಟು ತುಂಬ ಹಸಿರು ಚುಕ್ಕೆ ಕಂಡು ನನಗೆ ಭಾರೀ ಖುಷಿ. ಏನೋ ದೊಡ್ಡದು ಸಿಕ್ಕಿತು ಅಂತ. ಆಮೇಲೆ ಗೊತ್ತಾಯಿತು, ಕಡಲಿನಲ್ಲಿ ಸಿಗುವ ಈ ತಳಿಗಳಲ್ಲಿ ರೋಗ ತರುವಂಥವು ನೂರರಲ್ಲಿ ಒಂದೆರಡು ಮಾತ್ರ. ಟಿಡಿಎಚ್ ಎಂಬ ವಿಷದ ಜೀನ್ ಇದ್ದರೆ ಭಯ, ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಕಡಲಿನ ಪಾಪದ ಪ್ರಾಣಿ. ರೋಗಿಗಳಿಂದ ಸಿಕ್ಕ ತಳಿಗಳು ರಕ್ತದ ಕಣಗಳನ್ನು ಒಡೆಯುತ್ತವೆ, ಕಡಲಿನವು ಹೆಚ್ಚಾಗಿ ಒಡೆಯುವುದಿಲ್ಲ. ಜಪಾನಿನವರು ಇದಕ್ಕೆ ಕನಗಾವ ಪರೀಕ್ಷೆ ಎಂದರು. ಆದ್ದರಿಂದ ‘ಸಿಕ್ಕಿತು’ ಎಂದ ಕೂಡಲೇ ಗಾಬರಿಯಾಗುವ ಹಾಗಿಲ್ಲ. ಸಿಕ್ಕಿದ್ದು ಯಾವುದು, ಎಷ್ಟು, ಅದರ ಕೈಯಲ್ಲಿ ಆಯುಧ ಇದೆಯಾ ಎಂದು ಕೇಳಬೇಕು.

ಇದನ್ನೆಲ್ಲ ಕಲಿಯಲು ನಾನು ದೂರ ಹೋಗಬೇಕಾಗಿರಲಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಅಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯಾ ಕರುಣಾಸಾಗರ್ ದಂಪತಿ ಮೀನು, ಸೀಗಡಿ, ಚಿಪ್ಪುಗಳಲ್ಲಿ ಸಿಗುವ ರೋಗಾಣುಗಳ ಮೇಲೆ ಮಾಡಿದ ಕೆಲಸವನ್ನು ಪ್ರಪಂಚದ ಯಾವ ಮೂಲೆಯ ಸೀಫುಡ್ ಲ್ಯಾಬಿನವರೂ ಓದಿರುತ್ತಾರೆ. ಬಿಸಿ ನಾಡಿನ ಮೀನಿನಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಇದೆಯಾ, ವಿಬ್ರಿಯೊವನ್ನು ಡಿಎನ್ಎ ಪರೀಕ್ಷೆಯಾದ ಪಿಸಿಆರ್‌ನಲ್ಲಿ ಬೇಗ ಹಿಡಿಯುವುದು ಹೇಗೆ, ಹೀಗೆ ಒಂದರ ಹಿಂದೆ ಒಂದು. ಇಡ್ಯಾ ಅವರು ಮುಂದೆ ರೋಮಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಒದಲ್ಲೂ ಇದ್ದರು. ನಮ್ಮ ಪಕ್ಕದಲ್ಲೇ ಇಂಥ ಕೆಲಸ ನಡೆದಿದೆ ಎಂದು ನಮ್ಮೂರಿನಲ್ಲಿ ಎಷ್ಟು ಮಂದಿಗೆ ಗೊತ್ತು? ನನಗೂ ಎಂಎಸ್ಸಿಗೆ ಸೇರುವವರೆಗೆ ಗೊತ್ತಿರಲಿಲ್ಲ.

ಲ್ಯಾಬಿನ ಮಾತಿನಲ್ಲಿ ಒಂದು ಚಂದ ಇದೆ. ಆಹಾರದಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹುಡುಕಲು 25 ಗ್ರಾಂ ಆಹಾರ ತೆಗೆದು 225 ಮಿಲಿಲೀಟರ್ ಪೆಪ್ಟೋನ್ ನೀರಿಗೆ ಹಾಕುತ್ತೇವೆ. ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟು, ಇನ್ನೊಂದು ಪೋಷಕ ದ್ರವಕ್ಕೆ ದಾಟಿಸಿ, ಆಮೇಲೆ ಪ್ಲೇಟಿಗೆ. ಎಕ್ಸ್‌ಎಲ್‌ಡಿ ಆಗರಿನಲ್ಲಿ ಕೆಂಪು ಚುಕ್ಕೆಯ ನಡುವೆ ಕಪ್ಪು ಬೊಟ್ಟು ಬಂದರೆ ಅನುಮಾನ. ನಾಲ್ಕೈದು ದಿನದ ಕೆಲಸ. ಏನೂ ಬರದಿದ್ದರೆ ರಿಪೋರ್ಟಿನಲ್ಲಿ ‘ಇಲ್ಲ’ ಎಂದು ಬರೆಯುವುದಿಲ್ಲ. ‘25 ಗ್ರಾಮಿನಲ್ಲಿ ಸಿಗಲಿಲ್ಲ’ ಎಂದು ಬರೆಯುತ್ತೇವೆ. ಇಪ್ಪತ್ತಾರನೇ ಗ್ರಾಮಿನ ಜವಾಬ್ದಾರಿ ನಮ್ಮದಲ್ಲ. ನನಗೆ ಈ ವಿನಯ ಇಷ್ಟವಾಗಿತ್ತು. ಮುಂದೆ ಇದೇ ವಿನಯ ಒಬ್ಬರ ಹೊಟ್ಟೆಗೆ ಹೊಡೆಯುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ.

ಸಾಲ್ಮೊನೆಲ್ಲಾ ಎಂದಾಗ ನೆನಪಾಯಿತು. ಅದಕ್ಕೆ ಆ ಹೆಸರು ಬಂದದ್ದು ಅಮೆರಿಕದ ಡೇನಿಯಲ್ ಸಾಲ್ಮನ್ ಅವರಿಂದ. ಆದರೆ 1885ರಲ್ಲಿ ಹಂದಿಗಳಿಂದ ಅದನ್ನು ಹೊರತೆಗೆದದ್ದು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಸಾಲ್ಮನ್ ಮೇಲಧಿಕಾರಿ. ಹೆಸರು ಮೇಲಿನವರದ್ದು ಆಯಿತು. ಲೇಖಕರ ಸಾಲಿನಲ್ಲಿ ಎಷ್ಟನೇ ಹೆಸರು ಎಂಬ ಕಾಲಂ ತುಂಬುವಾಗ ನನಗೆ ಸ್ಮಿತ್ ನೆನಪಾಗುತ್ತಾರೆ.

ಕೋಲ್ಕತ್ತದ ಶಂಭುನಾಥ ಡೇ ಕೂಡ. ಕಾಲರಾದ ಬ್ಯಾಕ್ಟೀರಿಯಾ ಒಂದು ವಿಷ ಬಿಡುತ್ತದೆ, ನೀರಿನ ಹಾಗೆ ಭೇದಿಯಾಗುವುದು ಆ ವಿಷದಿಂದ ಎಂದು ಅವರು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿದರು. ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದು, ಉಳಿದ ಸಾರನ್ನಷ್ಟೇ ಹಾಕಿದರೂ ಕರುಳು ನೀರು ತುಂಬಿ ಉಬ್ಬಿತು. ‘ನೇಚರ್’ ಪತ್ರಿಕೆಯಲ್ಲಿ ಸಣ್ಣ ಪೇಪರ್. ನಮ್ಮ ದೇಶದಲ್ಲಿ ಬಹಳ ವರ್ಷ ಅದನ್ನು ಯಾರೂ ಹೆಚ್ಚು ಕೇಳಲಿಲ್ಲ. 1978ರಲ್ಲಿ ಸ್ವೀಡನ್ನಿನ ನೊಬೆಲ್ ಸಂಸ್ಥೆಯವರು ಕಾಲರಾದ ಬಗ್ಗೆ ಸಭೆ ಮಾಡಿದಾಗ ಅವರನ್ನು ಕರೆದರು. 1985ರಲ್ಲಿ ತೀರಿಕೊಂಡರು. ಬದುಕಿದ್ದಾಗ ಈ ಫಾರಂ ತುಂಬಿಸಿದ್ದರೆ ಅವರಿಗೆ ಎಷ್ಟು ಮಾರ್ಕು ಬರುತ್ತಿತ್ತೋ.

ಇರಲಿ. ಟ್ಯೂಬಿನ ಕತೆಗೆ ಬರುತ್ತೇನೆ.

2018ರ ಮೇ. ಸೆಕೆ ಅಂದರೆ ಸೆಕೆ. ನೆಂಟರ ಮನೆಯಲ್ಲಿ ಉಪನಯನ. ಅಂಗಳಕ್ಕೆ ಚಪ್ಪರ, ಅಡಿಕೆ ತೋಟದ ಬದಿಗೆ ಅಡಿಗೆ ಕೊಟ್ಟಗೆ. ಅಡಿಗೆ ಮಾಡಿದ್ದು ನಮ್ಮ ಕಡೆಯಲ್ಲಿ ಎಲ್ಲರಿಗೂ ಗೊತ್ತಿದ್ದವರು. ಹೆಸರು ಬೇಡ. ನಾನು ಸಣ್ಣಂದಿನಿಂದ ‘ಮಾವ’ ಅಂತಲೇ ಕರೆಯುವುದು. ಅವರ ಮೇಲಾರ ಉಣ್ಣಲೆಂದೇ ಜಂಬರಕ್ಕೆ ಬರುವವರಿದ್ದರು. ಕೈಗುಣ ಅಂದರೆ ಅವರದ್ದು ಅನ್ನುತ್ತಿದ್ದರು.

ನಾನು ಮೊದಲ ಹಂತಿಯಲ್ಲೇ ಉಂಡು ಎದ್ದೆ. ಹೊರಗಿನವರಿಗೆ ಹೇಳಬೇಕು, ಪಂಕ್ತಿಗೆ ನಾವು ಹಂತಿ ಅನ್ನುವುದು. ಮೂರು ಹಂತಿ ಆಯಿತು. ಮೂರೂವರೆ ಹೊತ್ತಿಗೆ ಮಕ್ಕಳು ವಾಂತಿ ಶುರು ಮಾಡಿದವು. ಆಮೇಲೆ ದೊಡ್ಡವರು. ಐದು ಗಂಟೆಗೆ ತೋಟದ ಬದಿಯಲ್ಲಿ, ಬಚ್ಚಲಿನ ಹತ್ತಿರ, ಕಾರಿನ ಬಾಗಿಲು ತೆಗೆದುಕೊಂಡು, ಎಲ್ಲೆಲ್ಲೂ. ಮೂವತ್ತು ನಲವತ್ತು ಮಂದಿ ಇರಬಹುದು. ಕೆಲವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಿದರು. ಮಾರನೇ ದಿನ ಬೆಳಗ್ಗೆ ಹೆಚ್ಚಿನವರು ಎದ್ದು ಕೂತಿದ್ದರು. ಯಾರಿಗೂ ದೊಡ್ಡದೇನೂ ಆಗಲಿಲ್ಲ. ಆದರೆ ಒಂದು ಉಪನಯನ ಹಾಳಾಯಿತು ಎಂದರೆ ಅದು ಸಣ್ಣ ವಿಷಯವೂ ಅಲ್ಲ.

ಸಂಜೆಯೊಳಗೆ ತೀರ್ಮಾನವೂ ಆಯಿತು. ಮೊದಲು ಮಜ್ಜಿಗೆ ಅಂದರು. ಆಮೇಲೆ ಸುರಂಗದ ನೀರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲೇ ಒಬ್ಬಳು ಬ್ಯಾಕ್ಟೀರಿಯಾದ ಡಾಕ್ಟರ್ ಇದ್ದಾಳಲ್ವಾ.

ನೀರಿರಲಾರದು ಎಂದು ನನಗೆ ಕೂಡಲೇ ಅನಿಸಿತ್ತು. ಕಾರಣ ಗಡಿಯಾರ. ಸಾಲ್ಮೊನೆಲ್ಲಾ ಹೊಟ್ಟೆ ಸೇರಿ ಬೆಳೆದು ಕಾಟ ಕೊಡಲು ಹೆಚ್ಚಾಗಿ ಅರ್ಧ ದಿನದಿಂದ ಒಂದೂವರೆ ದಿನ ಬೇಕು. ರಕ್ತಭೇದಿ ತರುವ ಶಿಗೆಲ್ಲಾಕ್ಕೆ ಒಂದೆರಡು ದಿನ. ಉಂಡು ಎರಡು ಮೂರು ಗಂಟೆಯೊಳಗೆ ವಾಂತಿ ಅಂದರೆ ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ಬೆಳೆದದ್ದಲ್ಲ. ಪಾತ್ರೆಯೊಳಗೆ ಬೆಳೆದು, ವಿಷ ಮಾಡಿ ಇಟ್ಟು, ಆ ವಿಷವನ್ನು ನಾವು ಉಂಡದ್ದು. ಹಾಗೆ ಮಾಡುವವು ಮುಖ್ಯವಾಗಿ ಎರಡು. ಒಂದು ಸ್ಟೆಫೈಲೊಕಾಕಸ್ ಆರಿಯಸ್. ಮೂಗು, ಚರ್ಮ, ಕೀವು ತುಂಬಿದ ಗಾಯದಲ್ಲಿ ಇರುವಂಥದು. ಇನ್ನೊಂದು ಬ್ಯಾಸಿಲಸ್ ಸೀರಿಯಸ್. ಮಣ್ಣಿನದ್ದು, ಅಕ್ಕಿಯದ್ದು. ಒಂದಾದರೆ ಕೈಯ ತಪ್ಪು. ಇನ್ನೊಂದಾದರೆ ಹೊತ್ತಿನ ತಪ್ಪು.

ಬ್ಯಾಸಿಲಸ್ ಸೀರಿಯಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಕಷ್ಟ ಬಂದಾಗ ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಮಲಗುತ್ತದೆ. ಬಿತ್ತನೆಗೆ ಎತ್ತಿಟ್ಟ ಬತ್ತದ ಕಾಳಿನ ಹಾಗೆ. ಇದಕ್ಕೆ ಸ್ಪೋರ್ ಅನ್ನುತ್ತಾರೆ. ಅಕ್ಕಿಯ ಜೊತೆ ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಂದು, ಬಸಿದು, ಬೆಚ್ಚಗೆ ರಾಶಿಯಾದಾಗ ಮೊಳಕೆ ಬರುತ್ತದೆ. ಜೊತೆಗಿದ್ದ ಬೇರೆ ಬ್ಯಾಕ್ಟೀರಿಯಾ ಕುದಿಯುವಾಗಲೇ ಸತ್ತಿವೆ, ಪೈಪೋಟಿಗೆ ಯಾರೂ ಇಲ್ಲ. ಗದ್ದೆ ಪೂರ್ತಿ ಅದರದ್ದೇ. ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆ ಎಂದು ಲೆಕ್ಕ ಹಾಕಿ. ಹತ್ತು ಗಂಟೆಯಲ್ಲಿ ಒಂದು ಹೋಗಿ 10,48,576 ಆಗುತ್ತದೆ. ಕಾಗದದ ಲೆಕ್ಕ ಇದು, ನಿಜದ ಅನ್ನ ಇಷ್ಟು ವಿಧೇಯ ಅಲ್ಲ. ಆದರೂ ದಿಕ್ಕು ಗೊತ್ತಾಗುತ್ತದೆ. ಬೆಳೆಯುತ್ತಾ ಸೆರುಲೈಡ್ ಎಂಬ ವಿಷ ಬಿಡುತ್ತದೆ. ಅದು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಹಾಳಾಗುವುದಿಲ್ಲ. ಮತ್ತೆ ಬಿಸಿ ಮಾಡಿದರೆ ಸರಿಯಾಗುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ಹೀಗೇ ಆಗುತ್ತಿತ್ತು. ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಮುದ್ದೆಯಾಗುತ್ತದೆ, ಅಗುಳು ಬಿಡಿಬಿಡಿ ಬರುವುದಿಲ್ಲ ಎಂದು ಹೊರಗೇ ಇಡುತ್ತಿದ್ದರು. ಚಿತ್ರಾನ್ನಕ್ಕೂ ನಮಗೆ ಬೇಕಾದದ್ದು ಅದೇ ಬಿಡಿಬಿಡಿ ಅಗುಳು ಅಲ್ವಾ? ಅದಕ್ಕೂ ಮೊದಲು, ನಾರ್ವೆಯಲ್ಲಿ ಸ್ಟೈನಾರ್ ಹೌಗೆ ಎಂಬವರು ಇದೇ ಬ್ಯಾಕ್ಟೀರಿಯಾ ಆಸ್ಪತ್ರೆಯ ವೆನಿಲ್ಲಾ ಸಾಸಿನಲ್ಲಿ ಸಿಕ್ಕಿತೆಂದು, ಅದನ್ನೇ ಬೆಳೆಸಿದ ಸಾಸನ್ನು ತಾವೇ ಒಂದು ಲೋಟ ಕುಡಿದು ಭೇದಿ ತರಿಸಿಕೊಂಡರು. ಅದನ್ನು ಪೇಪರಿನಲ್ಲಿ ಬರೆದರು. 1914ರಲ್ಲಿ ಫಿಲಿಪೀನ್ಸ್‌ನಲ್ಲಿ ಬಾರ್ಬರ್ ಎಂಬವರು ಕೆಚ್ಚಲು ಬಾವು ಬಂದ ಹಸುವಿನ ಹಾಲು ಕುಡಿದು ನೋಡಿದ್ದರು. ತಾಜಾ ಕುಡಿದರೆ ಏನೂ ಇಲ್ಲ, ಹೊರಗಿಟ್ಟು ಕುಡಿದರೆ ಕಾಯಿಲೆ. ಅದು ಸ್ಟೆಫೈಲೊಕಾಕಸ್. ನನಗೆ ಅಷ್ಟು ಧೈರ್ಯ ಇಲ್ಲ. ನಾನು ಹುಡುಕಿಕೊಂಡು ಹೋದದ್ದು ಎಂಜಲೆಲೆ.

ಅಷ್ಟು ಹೊತ್ತಿಗೆ ಮಿಕ್ಕಿದ ಅಡಿಗೆಯೆಲ್ಲ ಹೊಂಡಕ್ಕೆ, ದನದ ಬಾನಿಗೆ ಹೋಗಿತ್ತು. ಪಾತ್ರೆ ತೊಳೆದು ಕವುಚಿ ಹಾಕಿದ್ದರು. ಪಾಪ, ಸ್ವಚ್ಛ ಮಾಡಿದ್ದೇವೆಂಬ ಹೆಮ್ಮೆಯಿಂದಲೇ ತೋರಿಸಿದರು. ಕೊನೆಗೆ ಎಲೆ ಎಸೆದ ಜಾಗದಲ್ಲಿ ಮೂರನೇ ಹಂತಿಯ ಒಂದು ಬಾಳೆಲೆಯ ಮೇಲೆ ಒಂದು ಹಿಡಿ ಚಿತ್ರಾನ್ನ ಸಿಕ್ಕಿತು. ಅದನ್ನು ಸ್ಟೀಲ್ ಡಬ್ಬಿಗೆ ತುಂಬಿಸಿ, ಮಾರನೇ ದಿನ ಮಂಗಳೂರಿಗೆ ಹೊತ್ತುಕೊಂಡು ಹೋದೆ. ಉಪನಯನದ ಅನ್ನವನ್ನು ಮೊಟ್ಟೆಯ ಹಳದಿ ಬೆರೆಸಿದ ಆಗರಿನ ಮೇಲೆ ಹರಡಿದೆ. ಎರಡನೇ ದಿನ ಗುಲಾಬಿ ಬಣ್ಣದ ಒರಟು ಚುಕ್ಕೆಗಳು, ಸುತ್ತ ಬಿಳಿ ಮಸುಕಿನ ಬಳೆ. ಬ್ಯಾಸಿಲಸ್ ಸೀರಿಯಸ್. ಜಾಸ್ತಿಯೇ ಇತ್ತು. ಸ್ಟೆಫೈಲೊಕಾಕಸ್ ಸಿಗಲಿಲ್ಲ.

ಸಾಕ್ಷಿ ಸಿಕ್ಕಿತು ಅನಿಸುತ್ತದೆ. ಇಲ್ಲ. ಈ ಬ್ಯಾಕ್ಟೀರಿಯಾ ಯಾರ ಮನೆಯ ಅನ್ನದಲ್ಲೂ ಸ್ವಲ್ಪ ಇರುತ್ತದೆ. ಒಂದು ಗ್ರಾಮಿಗೆ ಲಕ್ಷದ ಲೆಕ್ಕದಲ್ಲಿ ಇದ್ದರೆ ಮಾತ್ರ ಅದರ ಮೇಲೆ ಬೆರಳು ತೋರಿಸಬಹುದು. ಆದರೆ ನನ್ನ ಅನ್ನ ಮೇ ತಿಂಗಳ ಸೆಕೆಯಲ್ಲಿ ಅರ್ಧ ದಿನ ಮಣ್ಣಿನ ಮೇಲೆ ಬಿದ್ದಿತ್ತು. ಲಕ್ಷವಾದದ್ದು ಉಣ್ಣುವ ಮೊದಲೋ, ಎಲೆ ಎಸೆದ ಮೇಲೋ? ಹೇಳುವವರು ಯಾರು? ಸ್ಟೆಫೈಲೊಕಾಕಸ್ ಸಿಗದಿದ್ದದ್ದೂ ಒಂದು ಹಿಡಿ ಅನ್ನದ ಮಾತು. ಆವತ್ತು ಬಡಿಸುತ್ತಿದ್ದ ಹುಡುಗರಲ್ಲಿ ಒಬ್ಬನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದನ್ನು ನಾನು ನೋಡಿದ್ದೆ. ಸುವರ್ಣಗೆಡ್ಡೆ ಹೆಚ್ಚುವಾಗ ಕತ್ತಿ ತಾಗಿದ್ದಂತೆ. ಹದಿನೇಳು ಹದಿನೆಂಟರ ಹುಡುಗ. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದೆ, ಯಾರಿಗೂ ಹೇಳಲಿಲ್ಲ. ಇವತ್ತಿಗೂ ಅದು ಸರಿಯೋ ತಪ್ಪೋ ಗೊತ್ತಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಒಂದು ವಾರ ಸಂಜೆ ಫೋನ್ ಹಿಡಿದು ಕೂತೆ. ಯಾರು ಯಾವ ಹಂತಿಯಲ್ಲಿ ಉಂಡರು, ಏನೇನು ಹಾಕಿಸಿಕೊಂಡರು, ಎಷ್ಟು ಹೊತ್ತಿಗೆ ವಾಂತಿ. ಉಪನಯನಕ್ಕೆ ಬಂದವರು ಊಟದ ಬಗ್ಗೆ ಮಾತಾಡುವುದು ಹೊಸತೇನೂ ಅಲ್ಲ, ಆದರೆ ಇಷ್ಟು ವಿವರ ಕೇಳಿದವರು ಯಾರೂ ಇರಲಿಲ್ಲ. ಮೊದಲ ಹಂತಿಯವರಿಗೆ ಏನೂ ಇಲ್ಲ. ಎರಡನೆಯದರಲ್ಲಿ ಕೆಲವರು. ಮೂರನೆಯದರಲ್ಲಿ ಹೆಚ್ಚುಕಮ್ಮಿ ಎಲ್ಲರೂ. ಚಿತ್ರಾನ್ನ ಹಾಕಿಸಿಕೊಳ್ಳದ ಇಬ್ಬರು ಸಕ್ಕರೆ ಕಾಯಿಲೆಯವರಿಗೆ ಏನೂ ಆಗಿರಲಿಲ್ಲ.

ಆಮೇಲೆ ಮಾವನ ಹತ್ತಿರ ಹೋದೆ. ‘ಆ ಅಶನ ಎಷ್ಟೊತ್ತಿಂಗೆ ಬೆಂದದು ಮಾವ?’ ಅವರು ನೆನಪು ಮಾಡಿ ಹೇಳಿದರು. ಚಿತ್ರಾನ್ನದ ಬೆಳ್ತಿಗೆ ಅನ್ನ ಎರಡು ಸಲ ಆಗಿತ್ತು. ಒಂದು ಬೆಳಗಿನ ಜಾವ ಮೂರು ಗಂಟೆಗೆ, ಒಲೆ ಖಾಲಿ ಇದ್ದಾಗ. ಇನ್ನೊಂದು ಒಂಬತ್ತಕ್ಕೆ. ಮೊದಲಿನದ್ದನ್ನು ಬಾಳೆಲೆ ಹಾಸಿ ರಾಶಿ ಹಾಕಿ, ನೊಣ ಕೂರದ ಹಾಗೆ ಬಟ್ಟೆ ಮುಚ್ಚಿ, ಕೊಟ್ಟಗೆಯ ಒಳಮೂಲೆಗೆ ಸರಿಸಿದ್ದರು. ಒಂಬತ್ತರದ್ದು ಬಾಗಿಲ ಹತ್ತಿರ. ಕೈಗೆ ಹತ್ತಿರ ಇದ್ದದ್ದು ಮೊದಲು ಹೋಯಿತು. ಮೂಲೆಯದ್ದು ಕೊನೆಗೆ ಬಂತು. ಹತ್ತು ಗಂಟೆ ಬೆಚ್ಚಗೆ ಕೂತ ಅನ್ನ.

ಕೊಳಕು ಎಲ್ಲೂ ಇರಲಿಲ್ಲ. ಮುಚ್ಚಿಟ್ಟದ್ದೂ ಶುಚಿಗಾಗಿಯೇ. ಆ ಬಟ್ಟೆಯೇ ರಾಶಿಯ ಬಿಸಿ ಹೊರಗೆ ಹೋಗದ ಹಾಗೆ ಹಿಡಿದಿಟ್ಟಿತು.

ನನ್ನ ಅಜ್ಜಿಗೆ ಮುಸುರೆ ಅಂತ ಒಂದು ಶಾಸ್ತ್ರ ಇತ್ತು. ಬೆಂದ ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಭರಣಿ ಮುಟ್ಟುವ ಹಾಗಿಲ್ಲ, ಉಪ್ಪಿನಕಾಯಿ ಮುಟ್ಟುವ ಹಾಗಿಲ್ಲ. ಬೆಂದ ಅನ್ನ ಬೇರೆ, ಉಳಿದದ್ದು ಬೇರೆ. ರಾತ್ರಿ ಮಿಕ್ಕಿದ ಅನ್ನಕ್ಕೆ ನೀರು ಹಾಕಿಡುತ್ತಿದ್ದರು, ಬೆಳಗ್ಗೆ ಅದು ಹುಳಿ ಬಂದು ತಂಙಳು. ಹುಳಿ ಏರಿದಲ್ಲಿ ಬ್ಯಾಸಿಲಸ್ ಸೀರಿಯಸ್ಸಿಗೆ ಬೆಳೆಯುವುದು ಕಷ್ಟ. ಇದನ್ನು ಕೇಳಿದವರು ಕೂಡಲೇ ‘ನೋಡಿ, ಹಿಂದಿನವರಿಗೆ ಎಲ್ಲ ಗೊತ್ತಿತ್ತು’ ಅನ್ನುತ್ತಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅದೇ ಅಜ್ಜಿ ಊಟದ ನೆಲವನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಅದೇ ಮಡಿ ತೋಟಕ್ಕೆ ದುಡಿಯಲು ಬಂದವರನ್ನು ಅಂಗಳದಾಚೆ ಕೂರಿಸುತ್ತಿತ್ತು. ಬ್ಯಾಕ್ಟೀರಿಯಾಕ್ಕೆ ಜಾತಿ ಗೊತ್ತಿಲ್ಲ, ಅಜ್ಜಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ. ಕೆಲವು ಕಡೆ ದಾರಿ ಒಂದೇ ಆಯಿತು, ಅಷ್ಟೇ.

ಜನ ಕೇಳಿದಾಗ ನಾನು ಏನು ಹೇಳಿದೆ? ‘ಖಚಿತವಾಗಿ ಹೇಳಲು ಬರುವುದಿಲ್ಲ’ ಎಂದೆ. ಪೇಪರಿನಲ್ಲಿ ಹೀಗೆ ಬರೆದರೆ ಮರ್ಯಾದೆ. ಚಪ್ಪರದಡಿಯಲ್ಲಿ ಹೀಗೆ ಹೇಳಿದರೆ ಅದು ಒಂದು ಖಾಲಿ ಜಾಗ. ಆ ಜಾಗವನ್ನು ಊರಿನವರು ತುಂಬಿಸಿಕೊಂಡರು. ‘ಅವಳಿಗೆ ಗೊತ್ತು, ಮಾವನ ಮುಖ ನೋಡಿ ಹೇಳುವುದಿಲ್ಲ’ ಎಂದರು. ‘ಅವರ ಕೈಗುಣ ಹೋಯಿತು, ಪ್ರಾಯ ಆಯಿತಲ್ಲ, ಶುಚಿ ಇಲ್ಲ’ ಎಂದರು. ಆ ವರ್ಷ ನಿಶ್ಚಯವಾಗಿದ್ದ ಮೂರು ಮದುವೆಗಳ ಅಡಿಗೆ ಅವರ ಕೈತಪ್ಪಿತು. ಒಂದು ದಿನ ಪೆರ್ಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದರು, ‘ಕೂಸೇ, ನಿನಗೆ ಗೊಂತಾವುತ್ತಲ್ಲದೋ? ಎಂತ ಹೇಳಿ ಹೇಳುಲಾಗದೋ?’ ನಾನು ‘ಸರಿಯಾಗಿ ಗೊಂತಾಯಿದಿಲ್ಲೆ ಮಾವ’ ಎಂದೆ. ನಿಜವನ್ನೇ ಹೇಳಿದ್ದೆ. ಬಸ್ಸು ಬಂತು, ಹತ್ತಿದೆ.

2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈಯ ಒಂದು ಕೆಟ್ಟ ತಳಿ ಎದ್ದಿತ್ತು. ಸುಮಾರು 4,000 ಮಂದಿಗೆ ಕಾಯಿಲೆ, 50ಕ್ಕೂ ಹೆಚ್ಚು ಸಾವು. ಮೊದಲು ಸ್ಪೇನಿನ ಸೌತೆಕಾಯಿ ಅಂದರು. ಸ್ಪೇನಿನ ರೈತರು ಸೌತೆಕಾಯಿಯನ್ನು ರಾಶಿ ರಾಶಿ ಎಸೆಯಬೇಕಾಯಿತು. ಆಮೇಲೆ ಗೊತ್ತಾದದ್ದು, ಮೆಂತ್ಯದ ಮೊಳಕೆ. ಗೊತ್ತಾದದ್ದು ಹೇಗೆ? ಹೋಟೆಲಿನಲ್ಲಿ ಒಟ್ಟಿಗೆ ಉಂಡ ಗುಂಪುಗಳನ್ನು ಹಿಡಿದು, ಯಾರು ಯಾವ ತಿಂಡಿ ಹೇಳಿದ್ದರು, ಅದರಲ್ಲಿ ಏನೇನು ಹಾಕಿದ್ದರು ಎಂದು ಅಡಿಗೆಯವರನ್ನೇ ಕೇಳಿ. ಈಜಿಪ್ಟಿನಿಂದ ಬಂದ ಮೆಂತ್ಯದ ಮೇಲೆ ಬೆರಳು ತೋರಿಸಿದರು. ಆದರೆ ಆ ಬೀಜಗಳಲ್ಲಿ ಆ ತಳಿ ಪರೀಕ್ಷೆಗೆ ಸಿಗಲೇ ಇಲ್ಲ. ಆದರೂ ಮಾತಾಡಿದರು, ಯಾಕೆಂದರೆ ಉಂಡವರ ಪಟ್ಟಿ ಸಾಕಷ್ಟು ಹೇಳುತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿಯೂ ಹಂತಿಯ ಪಟ್ಟಿ ಇತ್ತು. ಪ್ಲೇಟನ್ನು ನಂಬಿದಷ್ಟು ನಾನು ಆ ಪಟ್ಟಿಯನ್ನು ನಂಬಲಿಲ್ಲ. ‘ಖಚಿತ ಅಲ್ಲ, ಆದರೆ ಇದು ಶುಚಿಯ ಮಾತಲ್ಲ, ಹೊತ್ತಿನ ಮಾತು ಅಂತ ನನಗೆ ಅನಿಸುತ್ತದೆ’ ಎಂದು ಹೇಳಬಹುದಿತ್ತು. ಒಂದೇ ವಾಕ್ಯ.

2022ರ ಮೇ ಒಂದರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹದಿನಾರರ ಹುಡುಗಿಯೊಬ್ಬಳು ತೀರಿಕೊಂಡಳು. ಹಲವಾರು ಮಂದಿ ಆಸ್ಪತ್ರೆ ಸೇರಿದರು. ಶಿಗೆಲ್ಲಾ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಕಂಡುಹಿಡಿದ ಬ್ಯಾಕ್ಟೀರಿಯಾ. ಇದಕ್ಕೆ ಲಕ್ಷ ಬೇಡ, ಹತ್ತೋ ನೂರೋ ಹೊಟ್ಟೆ ಸೇರಿದರೂ ಸಾಕು. ಆ ವಾರ ಇಡೀ ಕೇರಳದಲ್ಲಿ ಹೋಟೆಲುಗಳ ತಪಾಸಣೆ. ನನಗೂ ಊರಿನಿಂದ ಫೋನಿನ ಮೇಲೆ ಫೋನು. ಕೋಳಿ ತಿನ್ನದವರೂ ಕೇಳಿದ್ದೇ ಕೇಳಿದ್ದು.

ಅದಾಗಿ ಕೆಲವು ತಿಂಗಳಿಗೆ ಮಾವ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಕಾಗದ. ಅಡಿಗೆಯವರು ಪಾಲಿಸಬೇಕಾದ ಸೂಚನೆಗಳು, ಯಾವುದೋ ಕಚೇರಿಯಿಂದ ಬಂದದ್ದು. ಪೂರ್ತಿ ಮಲಯಾಳದಲ್ಲಿ. ಮಾವ ಓದಿದ್ದು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಮಲಯಾಳ ಮಾತಾಡುತ್ತಾರೆ, ಓದಲು ಬಾರದು. ಅದಕ್ಕೆ ಸಿಟ್ಟೂ ಇರಲಿಲ್ಲ ಅವರಿಗೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಇದೇ ಆಗಿದೆ, ಎಷ್ಟೂಂತ ಸಿಟ್ಟು ಮಾಡುವುದು. ಈಗ ಸಣ್ಣ ಪೂಜೆ, ತಿಥಿಗಳ ಅಡಿಗೆಗೆ ಮಾತ್ರ ಹೋಗುತ್ತಾರೆ. ‘ಇದರಲ್ಲಿ ಎಂತ ಇದ್ದು ಹೇಳಿ ಓದಿ ಹೇಳು’ ಎಂದರು.

ಓದಿ ಹೇಳುವುದಕ್ಕಿಂತ ಕನ್ನಡದಲ್ಲೇ ಒಂದು ಹಾಳೆ ಬರೆದು ಕೊಡುತ್ತೇನೆ ಎಂದೆ. ಬರೆಯಲು ಕೂತರೆ ಕಷ್ಟ ಗೊತ್ತಾಯಿತು. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಆಹಾರ ಇಡಬಾರದು ಎಂದು ಬರೆದೆ. ಮಾವ ನೋಡಿ, ಡಿಗ್ರಿ ಅಳೆಯುವ ಕೋಲು ಯಾರ ಹತ್ತಿರ ಇದೆ ಎಂದರು. ಕೊನೆಗೆ ಅವರೇ ಹೇಳಿಕೊಟ್ಟದ್ದು: ಒಂದೋ ಸುಡಬೇಕು, ಒಂದೋ ತಣ್ಣಗಿರಬೇಕು, ಉಗುರುಬೆಚ್ಚಗೆ ಮಾತ್ರ ಬೇಡ. ಅನ್ನ ರಾಶಿ ಹಾಕಬೇಡಿ, ಬೆರಳಿನ ಎರಡು ಗೆಣ್ಣಿನಷ್ಟು ತೆಳ್ಳಗೆ ಹರಡಿ ಎಂದು ಸೇರಿಸಿದೆವು. ಯಾವುದು ಎಷ್ಟೊತ್ತಿಗೆ ಬೆಂದದ್ದು ಎಂದು ಪಾತ್ರೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ, ಮೊದಲು ಬೆಂದದ್ದು ಮೊದಲು ಹೋಗಲಿ ಎಂದೂ ಸೇರಿಸಿದೆವು. ಕೈಗೆ ಗಾಯ ಆದವನು ನೀರು ಹೊತ್ತು ಹಾಕಲಿ, ಬಡಿಸುವುದು ಬೇಡ. ಪ್ರತಿಯೊಂದು ಬಗೆಯನ್ನೂ ಒಂದೊಂದು ಸೌಟು ತೆಗೆದು ಮರುದಿನದವರೆಗೆ ಫ್ರಿಜ್ಜಿನಲ್ಲಿಡಿ. ಇದು ಮಾತ್ರ ನನ್ನ ಸ್ವಾರ್ಥ.

ಚಿತ್ರಾನ್ನದ ಅನ್ನ ಬೆಂದು ಎರಡು ಗಂಟೆಯೊಳಗೆ ಖರ್ಚಾಗಬೇಕು ಎಂದು ಬರೆದಿದ್ದೆ. ಮಾವ ಪೆನ್ಸಿಲು ಕೇಳಿದರು. ಅದನ್ನು ಹೊಡೆದು ಹಾಕಿದರು. ‘ಗಂಟೆ ಆರು ನೋಡ್ತವು ಕೂಸೇ ಅಡಿಗೆ ಕೊಟ್ಟಗೆಲಿ? ಹಂತಿ ಲೆಕ್ಕಲ್ಲಿ ಬರೆ.’ ನಮ್ಮ ಹವ್ಯಕದಲ್ಲಿ ‘ಆರು’ ಅಂದರೆ ‘ಯಾರು’. ನಡುಗುವ ದೊಡ್ಡ ಅಕ್ಷರದಲ್ಲಿ ಅವರೇ ಬರೆದರು: ಒಂದು ಹಂತಿಗೆ ಒಂದು ಅನ್ನ. ಮುಂದಿನ ಹಂತಿಗೆ ಹೊಸ ಅನ್ನ.

ಮೂವತ್ತು ಪ್ರತಿ ತೆಗೆಸುವುದೆಂದು ಆಯಿತು. ಸುತ್ತಲಿನ ಅಡಿಗೆಯವರಿಗೆಲ್ಲ ಕೊಡಬಹುದು. ಕೆಳಗೆ ಯಾರು ಬರೆದದ್ದು ಎಂದು ಹಾಕಬೇಕಲ್ಲ. ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ ಎಂದೆ. ತಮಾಷೆಗೆ ಹೇಳಿದ್ದಲ್ಲ.

ಮಾವ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಎದ್ದು ನಿಂತರು.

‘ಎನ್ನ ಹೆಸರು ಬೇಡ. ಎನ್ನ ಹೆಸರು ಇದ್ದರೆ ಆರೂ ಓದವು.’

ಹಾಳೆಯ ಅಡಿಯಲ್ಲಿ ಜಾಗ ಖಾಲಿ ಬಿಟ್ಟೆವು.